ಕೋವಿಯ ಸ್ಕೋಪ್: ನಮ್ಮ ತೋಟಕ್ಕೆ ಬೇಕೆ?

ಕಾಡುಹಂದಿಯ ಹಾವಳಿಯಿಂದ ಬೇಸತ್ತ ಕೆಲವು ಸದಸ್ಯರು, ದೂರಕ್ಕೆ ಗುರಿಯಿಡುವ ಸ್ಕೋಪನ್ನು ಕೋವಿಗೆ ಹಾಕಿಸಿದರೆ ಅನುಕೂಲವಾದೀತೇ ಎಂದು ಕೇಳಿದ್ದಾರೆ. ಗುರಿ ಸ್ಪರ್ಧೆಗೆ ಹೋಗುವ ಮಿತ್ರರೊಬ್ಬರ ಬಳಿಯಿರುವ, ಜರ್ಮನಿಯ ಷ್ಮಿಟ್ ಆಂಡ್ ಬೆಂಡರ್ ಕಂಪೆನಿಯ ಲಕ್ಷಗಟ್ಟಲೆ ಬೆಲೆಯ ಸ್ಕೋಪೊಂದನ್ನು ಈಚೆಗೆ ನೋಡಿದೆ. ನನಗೆ ತೋರಿದ್ದನ್ನು ತಿಳಿಸುತ್ತೇನೆ.

ಕೈಗೆತ್ತಿಕೊಂಡೊಡನೆ ಗಮನಕ್ಕೆ ಬಂದದ್ದು ತೂಕ. ಸುಮಾರು ಒಂದು ಕಿಲೋ. ಮುಂದಿನ ಗಾಜಿನ ಅಡ್ಡಳತೆ 56 ಮಿಲಿಮೀಟರ್. ವಸ್ತುವನ್ನು 5ರಿಂದ 25 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಮೇಜಿನ ಮೇಲಿಟ್ಟು ನೋಡಿದಾಗ ಆಚೆ ದಿಣ್ಣೆಯ ಅಡಿಕೆಗೊನೆ ಕೈಗೆಟಕುವಂತಿತ್ತು. ಮೇಲಿನ ತಿರುಪನ್ನು ಒಂದು ‘ಟಕ್’ ತಿರುಗಿಸಿದರೆ, 100 ಮೀಟರ್ ದೂರದಲ್ಲಿ ಗುರಿ 1 ಸೆಂಟಿಮೀಟರ್ ಸರಿಯುತ್ತದೆ. ದೂರ ಹೋದಂತೆ ಗುಂಡು ಕೆಳಗಿಳಿಯುವುದನ್ನು ಸರಿದೂಗಿಸಲು ಈ ಏರ್ಪಾಡು. ಸಾಧನ ಅಮೋಘವೇ ಸರಿ.

ಆದರೆ ಕಾಫಿ ಗಿಡ, ನೆರಳು ಮರಗಳ ನಡುವೆ ನಮಗೆ 50 ಗಜ ಕಂಡರೆ ಹೆಚ್ಚು. ತೋಟಾ ಕೋವಿಯ ಹೊಡೆತವೂ ಅಷ್ಟೇ ದೂರದ್ದು. ಸ್ಕೋಪ್ ಕಣ್ಣಿನ ದೂರವನ್ನು ಹೆಚ್ಚಿಸೀತೇ ಹೊರತು ಕೋವಿಯದನ್ನಲ್ಲ. ಮೇಲಾಗಿ, 25 ಪಟ್ಟು ಹಿಗ್ಗಿಸಿದಾಗ 100 ಮೀಟರ್ ದೂರದಲ್ಲಿ ಕಾಣುವುದು ಸುಮಾರು ಒಂದೂವರೆ ಮೀಟರ್ ಅಗಲ ಮಾತ್ರ. ಪಕ್ಕದಲ್ಲಿ ಮೆಣಸು ಕೊಯ್ಯುವ ಆಳು ಕಾಣುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪೊದೆ ಅಲುಗಿದಾಗ ಏನೆಂದು ಸ್ಕೋಪಿನಲ್ಲಿ ನೋಡಹೊರಟರೆ ಕೋವಿಯ ನಳಿಗೆಯೂ ಅತ್ತಲೇ ತಿರುಗಿರುತ್ತದೆ. ಅಲ್ಲಿರುವುದು ಹಂದಿಯೋ, ಸೌದೆಗೆ ಬಂದ ಹೆಂಗಸೋ? ನೋಡಲು ಬೈನಾಕ್ಯುಲರ್ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಕಾಡುಹಂದಿಯನ್ನೂ ಹೊಡೆಯುವಂತಿಲ್ಲ ಎಂಬುದೂ ನೆನಪಿರಲಿ.

ಸ್ಕೋಪಿಗೆ ಸುರಿಯುವ ಹಣವನ್ನು ಬೇಲಿಗೆ ಹಾಕುವುದು ಲೇಸೆಂದು ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.