ಜಿ ಇಲ್ಲದ ಜಿ ನೈನ್ತ್

ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ 1961ರ ಜೂನ್ 25ರಂದು ಜಾಝ್ ಪಿಯಾನೊ ವಾದಕ ಬಿಲ್ ಇವಾನ್ಸ್ ನುಡಿಸಿದ್ದರ ಧ್ವನಿಮುದ್ರಣ ಸಿಗುತ್ತದೆ. ಅದರಲ್ಲಿ ಎಡಗೈಗೆ ಕಿವಿಗೊಡಬೇಕು. ಡಾಮಿನೆಂಟ್ ಕಾರ್ಡ್ ಬಂದ ಕಡೆಯೆಲ್ಲ ಆ ಕೈ ಹೆಚ್ಚಿನ ಸಲ ಮೂಲಸ್ವರವನ್ನು ಮುಟ್ಟುವುದೇ ಇಲ್ಲ. ಪಿಯಾನೊ ವಾದಕರಾದ ಅಹ್ಮದ್ ಜಮಾಲ್, ರೆಡ್ ಗಾರ್ಲೆಂಡ್ ಈ ದಾರಿಯನ್ನು ಮೊದಲೇ ತುಳಿದಿದ್ದರು. ಇವಾನ್ಸ್ ಅದನ್ನೇ ತನ್ನ ನುಡಿಯಾಗಿಸಿಕೊಂಡ. ಡಾಮಿನೆಂಟ್ ನೈನ್ತ್ ಕಲಿಯುವವರು ಶುರು ಮಾಡಬೇಕಾದದ್ದೂ ಇಲ್ಲಿಂದಲೇ. ಪಾಠಪುಸ್ತಕದ ಕ್ರಮದಲ್ಲಿ ಜಿ ನೈನ್ತ್‌ಗೆ ಜಿ, ಬಿ, ಡಿ, ಎಫ್, ಎ ಎಂದು ಐದು ಸ್ವರ ಪೇರಿಸಿದರೆ ಬೆರಳು ಹರಿಯುವಷ್ಟು ಚಾಚಬೇಕು, ಮಂದ್ರದಲ್ಲಿ ನಾದವೂ ಕದಡುತ್ತದೆ. ಕಾರ್ಡಿನ ಜೀವ ಇರುವುದು ಬಿ ಮತ್ತು ಎಫ್ ನಡುವಿನ ಸೆಳೆತದಲ್ಲಿ. ಡಿ ಮೈನರ್ ನೈನ್ತ್‌ಗೆ ಎಫ್, ಎ, ಸಿ, ಇ ಹಿಡಿದು ಸಿ ಮೇಲಿನ ಬೆರಳೊಂದನ್ನೇ ಪಕ್ಕದ ಬಿಗೆ ಇಳಿಸಿ ನೋಡಿ: ಎಫ್, ಎ, ಬಿ, ಇ. ಏಳನೆಯದು, ಒಂಬತ್ತನೆಯದು, ಮೂರನೆಯದು, ಐದನೆಯದರ ಬದಲಿಗೆ ಹದಿಮೂರನೆಯದು. ಜಿ ಇಲ್ಲದೆಯೇ ಜಿ ನೈನ್ತ್ ಬಣ್ಣ ತುಂಬಿಕೊಂಡು ನಿಂತಿರುತ್ತದೆ. ಮುಂದೆ ಸಿ ಮೇಜರ್‌ಗೆ ಹೋಗುವಾಗ ಬಿ ಇದ್ದಲ್ಲೇ ಇದ್ದು, ಉಳಿದ ಮೂರೂ ಒಂದೊಂದು ಹೆಜ್ಜೆ ಇಳಿದು ಇ, ಜಿ, ಬಿ, ಡಿ ಆಗುತ್ತವೆ.

ಇನ್ನೂ ದೊಡ್ಡ ಬೆರಗು ಬೇರೆಯೇ ಇದೆ. ಆ ಎಫ್, ಎ, ಬಿ, ಇ ಹಾಗೇ ಇರಲಿ, ಬಾಸ್ ವಾದಕ ಮಾತ್ರ ಜಿ ಬಿಟ್ಟು ಡಿ ಫ್ಲಾಟ್ ನುಡಿಸಲಿ. ಬೆರಳು ಅಲುಗಲಿಲ್ಲ, ಆದರೂ ಕಾರ್ಡ್ ಡಿ ಫ್ಲಾಟ್ ಸೆವೆಂತ್ ಆಯಿತು. ಎಫ್ ಮತ್ತು ಬಿ ಮೂರನೆಯ, ಏಳನೆಯ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡವು. ಎ ಮತ್ತು ಇ ಏರಿಸಿದ ಐದು, ಏರಿಸಿದ ಒಂಬತ್ತಾಗಿ ಖಾರವಾದವು. ಐದು ಸ್ವರ ಪೇರಿಸಿ ಕಲಿತ ಕೈಗೆ ಇದು ಎರಡು ಬೇರೆ ಪಾಠ. ಮೂಲಸ್ವರ ಬಿಟ್ಟು ಕಲಿತ ಕೈಗೆ ಒಂದೇ.

ತಂಬೂರಿಯ ಷಡ್ಜಕ್ಕೆ ಒಗ್ಗಿದವರು ಆಕ್ಷೇಪಿಸಬಹುದು: ಆಧಾರವೇ ಇಲ್ಲದಿದ್ದರೆ ಕಿವಿ ಎಲ್ಲಿ ನಿಲ್ಲಬೇಕು? ಬಿ, ಡಿ, ಎಫ್, ಎ ಅಷ್ಟೇ ನುಡಿಸಿದರೆ ಅದು ಜಿ ನೈನ್ತೋ, ಡಿ ಮೈನರ್ ಸಿಕ್ಸ್ತೋ ಹೇಳಲಾಗದು ಎಂಬುದು ನಿಜ. ಆದರೆ ಜಾಝ್‌ನಲ್ಲಿ ಕಾರ್ಡ್ ಒಂಟಿಯಾಗಿ ಬರುವುದಿಲ್ಲ. ಹಿಂದೆ ಬಂದದ್ದು, ಮುಂದೆ ಹೋಗುವುದು ಅದರ ಗುರುತು ಹೇಳುತ್ತವೆ. ಆ ದಿನ ಇವಾನ್ಸ್ ಜೊತೆಗಿದ್ದ ಬಾಸ್ ವಾದಕ ಸ್ಕಾಟ್ ಲಫಾರೊ ಕೂಡ ತಾಳತಾಳಕ್ಕೆ ಮೂಲಸ್ವರ ಊರುವವನಲ್ಲ, ಪಿಯಾನೊಗೆ ಎದುರುಮಾತು ಆಡುವವನು. ಆದರೂ ಕೇಳುಗ ದಾರಿ ತಪ್ಪುವುದಿಲ್ಲ. ಬಾಸ್ ಇಲ್ಲದೆ ಒಬ್ಬರೇ ನುಡಿಸುವಾಗ ಪಿಯಾನೊ ವಾದಕ ಬಡ್ ಪವೆಲ್‌ನಂತೆ ಮೂಲಸ್ವರ ಮತ್ತು ಏಳನೆಯದನ್ನಷ್ಟೇ ಎಡಗೈಯಲ್ಲಿ ಹಿಡಿದರೆ ಸಾಕು, ಬಣ್ಣ ಬಲಗೈಗಿರಲಿ. ಗಮನಿಸಬೇಕಾದದ್ದು ಎತ್ತರವನ್ನು: ಮಧ್ಯದ ಸಿಯ ಆಸುಪಾಸಿನಲ್ಲಿ ಎ ಮತ್ತು ಬಿ ಒಂದನ್ನೊಂದು ಉಜ್ಜುವುದು ಇಂಪಾಗಿ ಕೇಳುತ್ತದೆ, ಒಂದು ಸಪ್ತಕ ಇಳಿಸಿದರೆ ಅದೇ ಜೋಡಿ ಗದ್ದಲ. ಹಾಗೆ ಇಳಿಯಬೇಕಾಗಿ ಬಂದ ಶ್ರುತಿಗಳಲ್ಲಿ ಕೆಳಗಿನೆರಡು ಸ್ವರಗಳನ್ನು ಎತ್ತಿ ಮೇಲಿಟ್ಟು, ಮೂರನೆಯದರಿಂದ ಶುರುವಾಗುವ ರೂಪವನ್ನು ಹಿಡಿಯಬೇಕು.