ಬೀಗ ಜಡಿದರೆ ಮನೆ ಸಿಗದು: ಬಾಡಿಗೆದಾರರ ತೆರವಿಗೆ ಕಾನೂನಿನ ಹಾದಿ

ಬೆಂಗಳೂರು: ನೆಲಮಹಡಿಯಲ್ಲಿ ಮಾಲೀಕರು, ಮೇಲಿನ ಮಹಡಿಗಳಲ್ಲಿ ಬಾಡಿಗೆದಾರರು. ಲಿಂಗರಾಜಪುರ, ಕಮ್ಮನಹಳ್ಳಿ, ಬಾಣಸವಾಡಿಯ ಅಡ್ಡರಸ್ತೆಗಳಲ್ಲಿ ಇಂಥ ಮನೆಗಳು ಸಾಲುಸಾಲಾಗಿವೆ. ಅನೇಕ ಹಿರಿಯರಿಗೆ ಆ ಬಾಡಿಗೆಯೇ ಪಿಂಚಣಿ. ನಾಲ್ಕಾರು ತಿಂಗಳ ಬಾಡಿಗೆ ನಿಂತು, ಖಾಲಿ ಮಾಡಿ ಎಂದರೂ ಬಾಡಿಗೆದಾರ ಕದಲದಿದ್ದಾಗ ಮಾಲೀಕರಿಗೆ ಹೊಳೆಯುವ ಉಪಾಯಗಳು ಮೂರು: ನೀರು ನಿಲ್ಲಿಸುವುದು, ವಿದ್ಯುತ್ ಕಡಿತಗೊಳಿಸುವುದು, ಹೊರಗೆ ಹೋದಾಗ ಬೀಗ ಜಡಿಯುವುದು. ಈ ಮೂರೂ ಮಾಲೀಕರನ್ನೇ ತಪ್ಪಿತಸ್ಥರನ್ನಾಗಿಸುತ್ತವೆ.

ಬಾಡಿಗೆ ಬಾಕಿ ಇದ್ದರೂ, ಕರಾರಿನ ಅವಧಿ ಮುಗಿದಿದ್ದರೂ, ನ್ಯಾಯಾಲಯದ ಆದೇಶವಿಲ್ಲದೆ ಬಾಡಿಗೆದಾರರನ್ನು ಬಲವಂತವಾಗಿ ಹೊರಹಾಕುವಂತಿಲ್ಲ. ಹಾಗೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಮನೆ ಸೇರಬಹುದು. ಮನೆ ಯಾರದ್ದೆಂಬ ಪ್ರಶ್ನೆ ಅಲ್ಲಿ ಅಡ್ಡಬರುವುದಿಲ್ಲ. ಪೊಲೀಸರಿಗೂ ತಾವಾಗಿಯೇ ಮನೆ ಖಾಲಿ ಮಾಡಿಸುವ ಅಧಿಕಾರವಿಲ್ಲ.

ಯಾವ ಕಾನೂನು ಅನ್ವಯ?

ಮೊದಲು ಇತ್ಯರ್ಥವಾಗಬೇಕಾದದ್ದು ಇದು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಲ್ಲಿ ಮಾಸಿಕ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಹಳೆಯ ಬಾಡಿಗೆದಾರರಿರುವ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ ಅದರ ರಕ್ಷಣೆ. ಅಲ್ಲಿ ಕಾಯ್ದೆಯ 27ನೇ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನು ಮಾಲೀಕರು ಸಾಬೀತುಪಡಿಸಬೇಕು. ಬೇಡಿಕೆ ನೋಟಿಸ್ ತಲುಪಿ ಎರಡು ತಿಂಗಳಾದರೂ ಬಾಕಿ ಕೊಡದಿರುವುದು, ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವುದು, ಮಾಲೀಕರಿಗೇ ಮನೆಯ ನಿಜವಾದ ಅಗತ್ಯವಿರುವುದು ಇವುಗಳಲ್ಲಿ ಮುಖ್ಯ.

ಇಂದಿನ ಬಹುಪಾಲು ಬಾಡಿಗೆ ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ಬಾಡಿಗೆದಾರನ ತಪ್ಪನ್ನು ಸಾಬೀತುಪಡಿಸಲೇಬೇಕೆಂದಿಲ್ಲ. ಬಾಡಿಗೆ ಸಂಬಂಧ ಕಾನೂನುಬದ್ಧವಾಗಿ ಕೊನೆಗೊಂಡಿದೆ ಎಂದು ತೋರಿಸಿದರೆ ಸಾಕು.

ನೋಟಿಸೇ ಬುನಾದಿ

ತಿಂಗಳ ಬಾಡಿಗೆಯ ವಾಸದ ಮನೆಗೆ 106ನೇ ಕಲಮಿನ ಪ್ರಕಾರ 15 ದಿನಗಳ ನೋಟಿಸ್ ಬೇಕು. ಅದು ಲಿಖಿತವಾಗಿರಬೇಕು, ಸಹಿ ಇರಬೇಕು. ಅಂಚೆಯ ಮೂಲಕ ಕಳುಹಿಸಬಹುದು, ಖುದ್ದಾಗಿ ಅಥವಾ ಮನೆಯವರ ಕೈಗೆ ಕೊಡಬಹುದು. ಅದು ಸಾಧ್ಯವಾಗದಿದ್ದರೆ ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಬಹುದು. ನೋಟಿಸ್ ತಲುಪಿದ ದಿನದಿಂದ ಗಡುವಿನ ಎಣಿಕೆ. ಬಾಯಿಮಾತಿನ ಎಚ್ಚರಿಕೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಗಡುವು ಮುಗಿದ ಮೇಲೆ ಬಂದ ಹಣವನ್ನು ಎಂದಿನಂತೆ 'ಬಾಡಿಗೆ' ಎಂದು ಸ್ವೀಕರಿಸಿದರೆ ನೋಟಿಸನ್ನು ಕೈಬಿಟ್ಟಂತೆ ಎಂದು ವಾದಿಸಲು ಅವಕಾಶವಾಗುತ್ತದೆ. ಆದ್ದರಿಂದ ಅದು ಅನಧಿಕೃತ ವಾಸದ ನಷ್ಟಪರಿಹಾರವೆಂದು ರಸೀದಿಯಲ್ಲಿ ಬರೆಯುವುದು ಕ್ಷೇಮ.

ಬೆಂಗಳೂರಿನಲ್ಲಿ ತೆರವಿನ ದಾವೆಗಳು ಸಾಮಾನ್ಯವಾಗಿ ಲಘು ವ್ಯವಹಾರಗಳ ನ್ಯಾಯಾಲಯದ (ಸ್ಮಾಲ್ ಕಾಸಸ್ ಕೋರ್ಟ್) ಮುಂದೆ ಬರುತ್ತವೆ. ಬಾಕಿಯ ಜತೆಗೆ, ನೋಟಿಸ್ ಗಡುವಿನ ನಂತರದ ವಾಸಕ್ಕೆ ನಷ್ಟಪರಿಹಾರವನ್ನೂ ಕೇಳಬಹುದು. ತೆರವಿನ ಆದೇಶಕ್ಕೆ ಮೇಲ್ಮನವಿಯಲ್ಲಿ ತಡೆ ಕೋರುವ ಬಾಡಿಗೆದಾರ ಮಾರುಕಟ್ಟೆ ದರದಲ್ಲಿ ಹಣ ಕಟ್ಟಬೇಕೆಂದು ನ್ಯಾಯಾಲಯ ಷರತ್ತು ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2004ರ ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಹೇಳಿದೆ. ಡಿಕ್ರಿ ಬಂದರೂ ಖಾಲಿ ಮಾಡದಿದ್ದರೆ ಅಮಲ್ಜಾರಿ ಅರ್ಜಿ ಸಲ್ಲಿಸಬೇಕು. ಆಗ ನ್ಯಾಯಾಲಯದ ಅಮೀನರೇ ಬಂದು ಸ್ವಾಧೀನ ಕೊಡಿಸುತ್ತಾರೆ.

ಮುಂಗಡ, ಭೋಗ್ಯದ ತೊಡಕು

ಅನೇಕ ಪ್ರಕರಣಗಳಲ್ಲಿ ಸಮಸ್ಯೆ ಬಾಡಿಗೆದಾರನದ್ದಲ್ಲ, ಮುಂಗಡ ಹಣದ್ದು. ಮಾಲೀಕರು ಅದನ್ನು ಖರ್ಚು ಮಾಡಿಬಿಟ್ಟಿರುತ್ತಾರೆ. 'ಹಣ ಕೊಡಿ, ಹೋಗುತ್ತೇನೆ' ಎಂಬ ಮಾತಿಗೆ ಉತ್ತರವಿರುವುದಿಲ್ಲ. ಬಾಕಿ ಕಳೆದು ಉಳಿದ ಮುಂಗಡ ಮರಳಿಸಲು ಸಿದ್ಧವೆಂದು ನೋಟಿಸಿನಲ್ಲೇ ತಿಳಿಸಿದರೆ ಆ ತಕರಾರು ಅಲ್ಲಿಗೇ ಮುಗಿಯುತ್ತದೆ.

ಲಕ್ಷಾಂತರ ರೂಪಾಯಿ ಪಡೆದು ಬಾಡಿಗೆಯಿಲ್ಲದೆ ಕೊಡುವ ಭೋಗ್ಯದ ಮನೆಗಳಲ್ಲಿ ಇನ್ನೂ ಎಚ್ಚರ ಬೇಕು. ಬರವಣಿಗೆ ಭೋಗ್ಯದ ಅಡಮಾನದ ಸ್ವರೂಪದಲ್ಲಿದ್ದರೆ, ಸಾಲ ತೀರುವ ತನಕ ಸ್ವಾಧೀನ ಬಿಡೆನೆಂದು ಹಣ ಕೊಟ್ಟವರು ಹೇಳಬಹುದು.

ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರರ ಪಾಲಾಗುತ್ತದೆ ಎಂಬ ಭಯವೂ ಉಂಟು. ಅನುಮತಿಯ ಮೇಲೆ ವಾಸಿಸುವವರು ಬರೀ ಕಾಲ ಕಳೆದ ಮಾತ್ರಕ್ಕೆ ಒಡೆಯರಾಗುವುದಿಲ್ಲ. ಆದರೆ ಬಾಡಿಗೆ ಸಂಬಂಧ ಕೊನೆಗೊಳಿಸಿದ ನಂತರ ತೆರವಿನ ದಾವೆ ಹೂಡಲು ಮಾಲೀಕರಿಗಿರುವ ಕಾಲಮಿತಿ 12 ವರ್ಷ. ನೋಟಿಸ್ ಕೊಟ್ಟು ಸುಮ್ಮನೆ ಕೂರುವಂತಿಲ್ಲ.

ದಾವೆ ಗೆಲ್ಲಿಸುವುದು ಕಾಗದಗಳು: ಕರಾರುಪತ್ರ, ಬಾಡಿಗೆ ಬ್ಯಾಂಕ್ ಮೂಲಕ ಬಂದ ದಾಖಲೆ, ಮುಂಗಡದ ರಸೀದಿ, ನೋಟಿಸ್ ತಲುಪಿದ ಪುರಾವೆ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ ಎಂಬುದೂ ನೆನಪಿರಲಿ. ಬೀಗದ ಕೈ ಕೊಡುವ ದಿನ ಪತ್ರ ಸರಿಯಾಗಿದ್ದರೆ, ಮರಳಿ ಪಡೆಯುವ ದಿನ ಜಗಳ ಕಡಿಮೆ.