ಆಪತ್ತಿನಲ್ಲಿ ಒಂದು ಸೂರು

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನೂ ಚನ್ನಪಟ್ಟಣದ ಬೊಂಬೆಗಳನ್ನೂ ಅರಿಯದ ಕನ್ನಡಿಗರು ವಿರಳ. ಆದರೆ ಬಿಸಿನೀರಿನ ಬೇಸಿನ್ನಿನ ಮುಂದೆ ಬೆರಳು ಬೆಂದು ಬಿಳಿಚಿಕೊಳ್ಳುವವರೆಗೂ ಗೂಡಿನಿಂದ ನೂಲು ಬಿಚ್ಚುವ, ಹಾಲೆಮರದ ಬೊಂಬೆಗೆ ಅರಗಿನ ಬಣ್ಣ ಹಿಡಿಸುವ ಸ್ತ್ರೀಯರಲ್ಲಿ ಒಬ್ಬಾಕೆ, ಗಂಡನ ಏಟನ್ನು ತಾಳಲಾರದೆ ನಡುರಾತ್ರಿ ಕೂಸನ್ನೆತ್ತಿಕೊಂಡು ಹೊಸಿಲು ದಾಟಬೇಕಾಗಿ ಬಂದರೆ, ಯಾವ ಬಾಗಿಲನ್ನು ತಟ್ಟಬಹುದೆಂಬುದನ್ನು ಬಲ್ಲವರು ಅವರಿಗಿಂತಲೂ ವಿರಳ.

ಅಂಥವಳಿಗೆ ಮೊದಲು ನೆನಪಾಗುವುದು ತವರು. ಆದರೆ ತವರಿನಲ್ಲಿ ಅಣ್ಣತಮ್ಮಂದಿರ ಸಂಸಾರಗಳು ಬೆಳೆದಿರುತ್ತವೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ‘ಹೆಂಗೋ ಹೊಂದ್ಕೊಂಡು ಹೋಗವ್ವ’ ಎಂಬ ಬುದ್ಧಿವಾದದೊಡನೆ ಅವಳು ಗಂಡನ ಮನೆಗೇ ಹಿಂತಿರುಗುತ್ತಾಳೆ. ಈ ನಿರುಪಾಯಸ್ಥಿತಿಯನ್ನು ತಪ್ಪಿಸುವುದಕ್ಕಾಗಿಯೇ ಸಾರ್ವಜನಿಕ ಆಶ್ರಯವ್ಯವಸ್ಥೆಯೊಂದು ನಮ್ಮಲ್ಲಿ ರೂಪುಗೊಂಡಿದೆ.

ಅದರ ಮೊದಲ ಮೆಟ್ಟಿಲು ‘ಸಖಿ’ ಒನ್ ಸ್ಟಾಪ್ ಸೆಂಟರ್. 2013ರಲ್ಲಿ ಸ್ಥಾಪಿತವಾದ ನಿರ್ಭಯಾ ನಿಧಿಯ ನೆರವಿನಿಂದ 2015ರ ಏಪ್ರಿಲ್ 1ರಂದು ಆರಂಭವಾದ ಈ ಯೋಜನೆಯ ಉದ್ದೇಶ, ಆಸ್ಪತ್ರೆಯ ಆವರಣದಲ್ಲಿ ಅಥವಾ ಅದರ ಸಮೀಪದಲ್ಲಿ ಜಿಲ್ಲೆಗೊಂದರಂತೆ ಹಗಲಿರುಳೂ ತೆರೆದಿರತಕ್ಕ ಕೇಂದ್ರವನ್ನು ಏರ್ಪಡಿಸುವುದು. ಗಾಯಕ್ಕೆ ಚಿಕಿತ್ಸೆ, ಮನಸ್ಸಿಗೆ ಆಪ್ತಸಮಾಲೋಚನೆ, ಪೊಲೀಸರ ಸಹಾಯ, ವಕೀಲರ ಸಲಹೆ ಇವೆಲ್ಲವೂ ಅಲ್ಲಿಯೇ ದೊರೆಯಬೇಕು. ಬಂದವಳು ಮಕ್ಕಳೊಡನೆ ಅಲ್ಲಿ ಐದು ದಿನಗಳವರೆಗೆ ತಂಗಬಹುದು.

ಐದು ದಿನಗಳಲ್ಲಿ ಗಾಯ ಮಾಯಬಹುದು, ಬದುಕು ನೇರವಾಗದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ ಮೇರೆಗೆ ಅವಳು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವ ಅರ್ಜಿಯನ್ನು, ಮೊದಲ ವಿಚಾರಣೆಯಿಂದ ಅರುವತ್ತು ದಿನಗಳೊಳಗೆ ಇತ್ಯರ್ಥಗೊಳಿಸಲು ನ್ಯಾಯಾಲಯವು ಪ್ರಯತ್ನಿಸತಕ್ಕದ್ದೆಂದು ವಿಧಿಸಲಾಗಿದೆ. ಐದಕ್ಕೂ ಅರುವತ್ತಕ್ಕೂ ನಡುವಣ ಈ ಅಂತರದಲ್ಲಿಯೇ ಅನೇಕರು ಸೋತು ಹಿಂದಿರುಗುತ್ತಾರೆ. ಅದನ್ನು ತುಂಬಬೇಕಾದುದು ಎರಡನೆಯ ಮೆಟ್ಟಿಲಾದ ‘ಶಕ್ತಿ ಸದನ’. ಹಿಂದಿನ ಸ್ವಾಧಾರ ಗೃಹ ಮತ್ತು ಉಜ್ವಲಾ ಯೋಜನೆಗಳನ್ನು ಕೂಡಿಸಿ 2022ರಲ್ಲಿ ‘ಮಿಷನ್ ಶಕ್ತಿ’ಯಡಿ ರೂಪಿಸಿದ ಈ ಸದನಗಳಲ್ಲಿ ಮೂರು ವರ್ಷಗಳವರೆಗೆ ವಾಸಕ್ಕೆ ಅವಕಾಶವುಂಟು, ಹನ್ನೆರಡು ವರ್ಷದೊಳಗಿನ ಗಂಡುಮಗುವೂ ತಾಯಿಯ ಜೊತೆಗಿರಬಹುದು.

ಇಂಥ ಮನೆಯು ಕೊಡುವ ಎಲ್ಲ ವಸ್ತುಗಳಿಗಿಂತಲೂ ಅಮೂಲ್ಯವಾದುದು ಕಾಲಾವಕಾಶ. ಆತುರದಲ್ಲಿ ಹೊರಟವಳ ಕೈಚೀಲದಲ್ಲಿ ಮಗುವಿನ ಅಂಗಿ, ತಾಯಿ ಕಾರ್ಡು ಇದ್ದರೆ ಹೆಚ್ಚು. ರೇಷನ್ ಕಾರ್ಡೂ ಪಾಸ್‌ಬುಕ್ಕೂ ಗಂಡನ ಮನೆಯ ಬೀರುವಿನಲ್ಲಿಯೇ ಉಳಿದಿರುತ್ತವೆ. ಅವನ್ನು ಮರಳಿ ಪಡೆಯಲು, ರಕ್ಷಣಾಧಿಕಾರಿಗಳಾದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮುಂದೆ ಘಟನೆಯನ್ನು ಬರೆಸಲು, ಕೂಲಿಯನ್ನು ಹುಡುಕಲು ದಿನಗಳು ಬೇಕು. ವರ್ಗಾವಣೆ ಪತ್ರವಿಲ್ಲವೆಂಬ ಕಾರಣದಿಂದ ಮಗುವಿಗೆ ಶಾಲೆಯ ಪ್ರವೇಶವನ್ನು ತಡೆಯಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ತಾಯಿ ಬಯಸಿದಲ್ಲಿ, ಆಕೆ ಅಲ್ಲಿರುವ ಸಂಗತಿಯನ್ನು ಆಶ್ರಯಗೃಹವು ಎದುರುಕಕ್ಷಿಗೆ ತಿಳಿಸಕೂಡದು. ಗಂಡನ ಮನೆಯಲ್ಲಿಯೇ ವಾಸಿಸುವ ಹಕ್ಕೂ ಅದೇ 2005ರ ಕಾಯಿದೆಯ 17ನೆಯ ಪ್ರಕರಣದಿಂದ ಅವಳಿಗುಂಟು. ಆ ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಹಕ್ಕು ಉಳಿಯಬಹುದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿದೆ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ, ಈಗ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆದ ರಾಮನಗರ ಜಿಲ್ಲೆ ಮಾಗಡಿಯ ಬೆಟ್ಟಗಳಿಂದ ಕನಕಪುರದ ತೆಂಕಣ ಸೆರಗಿನಲ್ಲಿರುವ ಕಾವೇರಿ ಸಂಗಮದವರೆಗೆ ಹಬ್ಬಿದೆ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಸ್ತ್ರೀಯರಿಗೆ ಟಿಕೆಟ್ಟಿನ ಹಣ ಬೇಡವಾಗಿರುವುದರಿಂದ ಬರಿಗೈಯವಳೂ ಹಗಲಿನಲ್ಲಿ ಜಿಲ್ಲಾಕೇಂದ್ರವನ್ನು ತಲುಪಬಲ್ಲಳು. ಆದರೆ ಹಿಂಸೆ ಬಸ್ಸಿನ ವೇಳೆಯನ್ನು ನೋಡಿ ಬರುವುದಿಲ್ಲ. ಆದಕಾರಣ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಈ ನಾಲ್ಕೂ ಪಟ್ಟಣಗಳಲ್ಲಿ, ತಾಯಿಮಕ್ಕಳು ತಿಂಗಳುಗಟ್ಟಲೆ ನಿಶ್ಚಿಂತೆಯಿಂದ ಇರಬಹುದಾದ ಒಂದೊಂದು ಮನೆಯಿರಬೇಕೆಂಬುದು ಅತಿಯಾಸೆಯಲ್ಲ, ನ್ಯಾಯವಾದ ಬೇಡಿಕೆ. ಅದು ಈಡೇರುವವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ: ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112 ಎಂಬ ಸಂಖ್ಯೆಗಳನ್ನು ರೀಲಿಂಗ್ ಶೆಡ್ಡು, ಅಂಗನವಾಡಿ, ಸ್ತ್ರೀಶಕ್ತಿ ಸಂಘಗಳ ಗೋಡೆಯ ಮೇಲೆ ಬರೆಸಿರಿ; ಓದಲು ಬಾರದವರಿಗೆ ಬಾಯಿಪಾಠ ಮಾಡಿಸಿರಿ.